ಶಿರಗುಪ್ಪಿಯ ಎರೆಮಣ್ಣಿಗೆ ಎಂಥ ಕೂಸಿನ ಗಾಡಿ?

ಶಿರಗುಪ್ಪಿ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ಬೆಳಗಾವಿ ಜಿಲ್ಲೆಯ ಕಾಗವಾಡದ ಕಡೆಯ ಊರು ನೆನಪಾಗಬಹುದು. ಅಲ್ಲಿಯೂ ಒಂದು ಶಿರಗುಪ್ಪಿ ಇದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಬೇರೆಯೇ ಊರು. ನಾನು ಹೇಳ ಹೊರಟಿರುವುದು ಹುಬ್ಬಳ್ಳಿಯಿಂದ ಪೂರ್ವಕ್ಕೆ, ಗದಗದ ದಿಕ್ಕಿಗೆ ಹೊರಟರೆ ಸಿಗುವ, ಹುಬ್ಬಳ್ಳಿ ತಾಲ್ಲೂಕಿನ ಹೋಬಳಿ ಊರಾದ ಶಿರಗುಪ್ಪಿಯ ವಿಷಯ. ಕುಮಾರವ್ಯಾಸನ ಊರೆಂದು ಹೆಸರಾದ ಕೋಳಿವಾಡವೂ ಇದೇ ತಾಲ್ಲೂಕಿನದು. ನನ್ನ ತಂಗಿಯ ಮಗಳನ್ನು ಇಲ್ಲಿಗೆ ಕೊಟ್ಟಿದ್ದೇವೆ. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಹೋಗಿ ಬರುತ್ತೇನೆ.

ಧಾರವಾಡ ಜಿಲ್ಲೆಗೆ ಎರಡು ಮುಖ. ಪಶ್ಚಿಮಕ್ಕೆ ಹೋದರೆ ಕಾಡು, ಗುಡ್ಡ, ಭತ್ತದ ಗದ್ದೆ. ಮಲೆನಾಡಿನ ಸೆರಗು ಅದು. ಪೂರ್ವಕ್ಕೆ ಬಂದರೆ ಬಯಲು. ಹುಬ್ಬಳ್ಳಿಯ ಮನೆಗಳು, ಗೋದಾಮುಗಳು ಮುಗಿದದ್ದೇ ತಡ, ಕಣ್ಣು ಹರಿಯುವಷ್ಟು ದೂರ ಕಪ್ಪು ನೆಲ. ಮರ ಕಡಿಮೆ, ಆಕಾಶ ಹೆಚ್ಚು. ಮುಂಗಾರಿನಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ. ಮೆಣಸಿನಕಾಯಿ ಒಣಗಲು ಹರಡಿದ ದಿನಗಳಲ್ಲಿ ನೀವು ಬಂದರೆ ಕಣದ ಕೆಂಪು ಮತ್ತು ಹೊಲದ ಕಪ್ಪು ಎರಡನ್ನೂ ಒಟ್ಟಿಗೆ ನೋಡುವಿರಿ.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಮುಂದೆ ಬರುವ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಎರೆಮಣ್ಣು ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಏಪ್ರಿಲ್‌ನಲ್ಲಿ ಹೋಗಿ ನೋಡಿ. ಹೊಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಕೈ ಇಳಿಸಬಹುದು. ಹೆಂಟೆ ಕಲ್ಲಿನಷ್ಟು ಗಟ್ಟಿ. ಇದರ ಸೂಕ್ಷ್ಮವಾದ ಜೇಡಿ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಕುಗ್ಗಿದಾಗ ಬಿರುಕು, ಉಬ್ಬಿದಾಗ ರಾಡಿ. ಒಂದು ಹದ ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಮಣ್ಣು ಮೆತ್ತಿ ಒಂದೊಂದು ಹೆಜ್ಜೆಗೂ ಕಾಲು ಭಾರವಾಗುತ್ತಾ ಹೋಗುತ್ತದೆ. ಊರವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಬೈಕಿನ ಮಡ್‌ಗಾರ್ಡ್ ಒಳಗೆ ಮಣ್ಣು ಕಚ್ಚಿಕೊಂಡು ಗಾಲಿಯೇ ತಿರುಗದೆ ನಿಲ್ಲುವುದನ್ನು ನೀವೂ ಕಂಡಿರಬಹುದು. ನಮ್ಮ ಹಿರಿಯರ ಚಕ್ಕಡಿಗೆ ಅಷ್ಟು ಎತ್ತರದ ಗಾಲಿಗಳೇಕೆ ಎಂಬುದಕ್ಕೆ ಉತ್ತರ ಈ ರಾಡಿಯಲ್ಲಿದೆ. ಸಣ್ಣ ಗಾಲಿ ತಗ್ಗಿನಲ್ಲಿ ಬೀಳುತ್ತದೆ, ದೊಡ್ಡ ಗಾಲಿ ತಗ್ಗನ್ನು ದಾಟುತ್ತದೆ. ಇದನ್ನು ಅವರಿಗೆ ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ.

ಇಂಥ ಊರಿನ ಮನೆಗೆ ಒಂದು ಪ್ರಶ್ನೆ ಬಂತು. ತಂಗಿಯ ಮಗಳಿಗೆ ಎರಡನೇ ಹೆರಿಗೆಯಾಗಿ ಗಂಡುಮಗು ಹುಟ್ಟಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮೂಲಕ ಆದ ಹೆರಿಗೆ. ಅಕೀಕಾದ ಹೊತ್ತಿಗೆ ಗಲ್ಫ್‌ನಲ್ಲಿರುವ ಮಗುವಿನ ಚಾಚಾ ಫೋನ್ ಮಾಡಿ, ಕೂಸಿಗೆ ಒಂದು ಸ್ಟ್ರಾಲರ್ ತೆಗೆದುಕೊಳ್ಳಿ, ಹಣ ನಾನು ಕಳುಹಿಸುತ್ತೇನೆ ಎಂದ. ಅಲ್ಲಿನ ಮಾಲ್‌ಗಳಲ್ಲಿ ಹೊಳೆಯುವ ನೆಲದ ಮೇಲೆ ತಾಯಂದಿರು ಒಂದೇ ಕೈಯಿಂದ ಗಾಡಿ ತಳ್ಳಿಕೊಂಡು ಹೋಗುವುದನ್ನು ಅವನು ದಿನಾ ನೋಡುತ್ತಿದ್ದಾನೆ. ಫೋಟೋಗಳನ್ನೂ ಕಳುಹಿಸಿದ. ಮನೆಯಲ್ಲಿ ಚರ್ಚೆ ಶುರುವಾಯಿತು. ಪಕ್ಕದ ಮನೆಯ ಅಜ್ಜಿಯೂ ಬಂದು ಕುಳಿತರು.

"ಅಲ್ರೀ ಅಕ್ಕೋರ, ಕೂಸಿಗೆ ಗಾಡಿ ಯಾಕ ಬೇಕರೀ? ನಾವು ಎಂಟು ಮಕ್ಕಳನ್ನ ಟೊಂಕದ ಮ್ಯಾಲೆ ಹೊತ್ತು ದೊಡ್ಡವ್ರನ್ನ ಮಾಡೇವಿ."

"ಅದಕ್ಕ ಅಲ್ಲೇನವ್ವಾ, ಈಗ ಕುಂತ್ರ ಏಳಾಕ ಆಗವಲ್ದು ಅಂತೀರಿ?" ಎಂದೆ. ಅಜ್ಜಿ ನಕ್ಕರು. ಆದರೆ ಅವರ ಪ್ರಶ್ನೆ ತಮಾಷೆಯದಲ್ಲ. ಅಕೀಕಾಕ್ಕೆ ಬಂದವರ ಮುಂದೆ ನಿಲ್ಲಿಸಿ ತೋರಿಸಲು, ಆಮೇಲೆ ಅಟ್ಟಕ್ಕೆ ಏರಿಸಲು ಗಾಡಿ ಬೇಕೆಂದಾದರೆ ಅದು ಬರಿಯ ಆಡಂಬರ. ಆ ಹಣ ಬೇರೆ ಕೆಲಸಕ್ಕೆ ಆಗುತ್ತದೆ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ನಾಲ್ಕು ಸಾವಿರದ ಒಂದು ಸಾಧಾರಣ ಗಾಡಿ ಎಂದರೆ ಒಬ್ಬ ಹೆಣ್ಣುಮಗಳ ಹನ್ನೊಂದು ಹನ್ನೆರಡು ದಿನಗಳ ದುಡಿಮೆ.

ಹಾಗಾದರೆ ಬೇಡವೇ? ಆ ಮನೆಯಲ್ಲಿ ಮಗುವನ್ನು ಯಾರು ಹೊರುತ್ತಿದ್ದಾರೆ ಎಂದು ನೋಡಿದೆ. ತಾಯಿಯ ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ಆಪರೇಷನ್ ಆದ ಬಾಣಂತಿಗೆ ಮೊದಲ ಆರು ವಾರ ತನ್ನ ಮಗುವಿಗಿಂತ ಭಾರವಾದುದನ್ನು ಎತ್ತಬೇಡ ಎಂದೇ ವೈದ್ಯರು ಹೇಳುತ್ತಾರೆ. ಅತ್ತೆಗೆ ಮೊಣಕಾಲು ನೋವು. ಕಟ್ಟೆಯ ಮೇಲೆ ಕುಳಿತು ಎಷ್ಟು ಹೊತ್ತು ಬೇಕಾದರೂ ಆಡಿಸಬಲ್ಲರು. ಆದರೆ ನೆಲದ ಮೇಲಿನ ಹಾಸಿಗೆಯಿಂದ ಕೂಸನ್ನು ಎತ್ತಿಕೊಂಡು ಏಳಲಾರರು. ಗಂಡ ಬೆಳಿಗ್ಗೆ ಹುಬ್ಬಳ್ಳಿಯ ಗ್ಯಾರೇಜಿಗೆ ಹೋದರೆ ಬರುವುದು ರಾತ್ರಿ. ಉಳಿದವಳು ಹಿರಿಯ ಮಗಳು. ಮೂರನೇ ತರಗತಿ. ತಮ್ಮನನ್ನು ಒಂದು ಬದಿಗೆ ಟೊಂಕದ ಮೇಲೆ ಕೂರಿಸಿಕೊಳ್ಳಲು ಹೋಗಿ ತಾನೇ ಇನ್ನೊಂದು ಬದಿಗೆ ಬಾಗಿದ್ದಳು. ಕತ್ತು ನಿಲ್ಲದ ಕೂಸು ಅದು.

ಇಪ್ಪತ್ತು ವರ್ಷಗಳಿಂದ ಮಕ್ಕಳ ಹಾಜರಿ ಕರೆಯುತ್ತಾ ಬಂದಿದ್ದೇನೆ. ಹೆಣ್ಣುಮಕ್ಕಳು ಶಾಲೆ ತಪ್ಪಿಸಿದಾಗ ಚೀಟಿಯಲ್ಲಿ ಜ್ವರ ಎಂದೇ ಬರೆದಿರುತ್ತದೆ. ವಿಚಾರಿಸಿದರೆ ಎಷ್ಟೋ ಸಲ ಮನೆಯಲ್ಲಿರುವ ಕೂಸೇ ಕಾರಣ. ಅಮ್ಮ ಕಳೆ ಕೀಳಲು ಹೋದರೆ, ಅಜ್ಜಿಗೆ ಕೈಲಾಗದಿದ್ದರೆ, ಅಕ್ಕನೇ ತಾಯಿ. ಮೊದಲು ಶನಿವಾರ, ಆಮೇಲೆ ವಾರಕ್ಕೆರಡು ದಿನ, ಆಮೇಲೆ ಹತ್ತಿ ಬಿಡಿಸುವ ತಿಂಗಳು ಪೂರ್ತಿ. ಅಣ್ಣನನ್ನು ಇದಕ್ಕೆ ಮನೆಯಲ್ಲಿ ಉಳಿಸಿಕೊಂಡ ಒಂದು ಉದಾಹರಣೆಯನ್ನೂ ನಾನು ಕಂಡಿಲ್ಲ. ಸರಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಘೋಷಿಸಿದ್ದು ಇಂಥ ತಾಯಂದಿರ ಕಷ್ಟ ಕಂಡೇ. ಆದರೆ ನಲವತ್ತು ದಿನವೂ ತುಂಬದ ಕೂಸನ್ನು ಯಾರೂ ಅಲ್ಲಿಗೆ ಕಳುಹಿಸುವುದಿಲ್ಲ.

ಅಜ್ಜಿ ಎದ್ದು ನಿಲ್ಲದೆಯೇ ಮಗುವನ್ನು ನೋಡಿಕೊಳ್ಳುವಂತಾದರೆ, ಬಾಣಂತಿ ಬಾಗದೆಯೇ ಮಗುವನ್ನು ಒಳಗಿನಿಂದ ಹೊರಗೆ ತರುವಂತಾದರೆ, ಆ ಹುಡುಗಿ ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುತ್ತಾಳೆ. ಹಾಗಿದ್ದಲ್ಲಿ ನಾಲ್ಕು ಸಾವಿರವೂ ದುಂದುವೆಚ್ಚವಲ್ಲ. ಗಾಡಿ ಬೇಕು ಎಂದು ನಾನು ಹೇಳಿದ್ದು ಈ ಕಾರಣಕ್ಕೆ. ಎಂಥ ಗಾಡಿ ಎಂಬುದು ಮುಂದಿನ ಮಾತು.

ಕೂಸಿನ ಗಾಡಿ ಹುಟ್ಟಿದ್ದು ದೊಡ್ಡವರ ಮನೆಯ ಆಟಿಕೆಯಾಗಿ. 1733ರಲ್ಲಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್‌ನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಿನ್ಯಾಸಕಾರ ಮಾಡಿದ ಗಾಡಿಯನ್ನು ಆಡು ಅಥವಾ ಸಣ್ಣ ಕುದುರೆಯಿಂದ ಎಳೆಸಬೇಕಿತ್ತು. 1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ರಿಚರ್ಡ್‌ಸನ್ ಎಂಬ ಕಪ್ಪುವರ್ಣೀಯ ಸಂಶೋಧಕ, ಮಗು ತಾಯಿಯ ಕಡೆಗೂ ರಸ್ತೆಯ ಕಡೆಗೂ ಮುಖ ಮಾಡಬಹುದಾದ ಗಾಡಿಗೆ ಪೇಟೆಂಟ್ ಪಡೆದ. ಕೊಡೆಯಂತೆ ಮಡಚುವ ಹಗುರ ಗಾಡಿ ಬಂದದ್ದು 1965ರಲ್ಲಿ. ಯುದ್ಧವಿಮಾನದ ಗಾಲಿಗಳನ್ನು ವಿನ್ಯಾಸ ಮಾಡಿದ್ದ ಓವನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ಇಂಜಿನಿಯರ್, ವಿಮಾನದಲ್ಲಿ ಬಂದಿಳಿದ ಮಗಳು ಮೊಮ್ಮಗುವಿನ ಭಾರದ ಗಾಡಿಯೊಂದಿಗೆ ಒದ್ದಾಡುವುದನ್ನು ಕಂಡು ಅಲ್ಯೂಮಿನಿಯಂ ಕೊಳವೆಗಳಿಂದ ಅದನ್ನು ಮಾಡಿದ. ಮೂರು ಕಿಲೋಕ್ಕೂ ಕಡಿಮೆ ತೂಕ. ಇಂದು ಅಂಗಡಿಗಳಲ್ಲಿ ಸಿಗುವ ಅಗ್ಗದ ಗಾಡಿಗಳೆಲ್ಲ ಹೆಚ್ಚು ಕಡಿಮೆ ಅದರ ವಂಶದವು. ಆದರೆ ಅದು ಹುಟ್ಟಿದ್ದು ವಿಮಾನ ನಿಲ್ದಾಣದ ನೆಲಕ್ಕಾಗಿ ಎಂಬುದನ್ನು ಶಿರಗುಪ್ಪಿಯ ನಾವು ಮರೆಯಬಾರದು.

ಅಂಗಡಿಯವರು ನಿಮಗೆ ತೋರಿಸುವುದು ಬಣ್ಣ, ಮೆತ್ತೆ, ಹಾಲಿನ ಬಾಟಲಿ ಇಡುವ ಜಾಗ. ನೀವು ಮೊದಲು ನೋಡಬೇಕಾದದ್ದು ಗಾಲಿ. ಅದಕ್ಕೂ ಮೊದಲು ನಿಮ್ಮ ಮಗುವಿನ ಒಂದು ವಾರದ ದಾರಿಯನ್ನು ಲೆಕ್ಕ ಹಾಕಿ. ನಮ್ಮ ಈ ಕೂಸಿನ ದಾರಿ ಹೀಗಿತ್ತು: ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಎರಡು ಮೆಟ್ಟಿಲಿಳಿದು ಓಣಿಗೆ. ಓಣಿಯಲ್ಲಿ ಕಾಂಕ್ರೀಟ್ ಇದೆ, ಆದರೆ ನಡುವೆ ಗಟಾರ ದಾಟಲು ಕಲ್ಲುಚಪ್ಪಡಿ ಹಾಸಿದೆ. ಅಲ್ಲಿಂದ ಚುಚ್ಚುಮದ್ದಿಗೆ ಹೋಗುವ ದಾರಿ, ಸ್ವಲ್ಪ ಡಾಂಬರು, ಸ್ವಲ್ಪ ಜಲ್ಲಿ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹುಬ್ಬಳ್ಳಿ. ಹೊಲಕ್ಕೆ ಹೋಗುವ ದಾರಿಯನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ, ಅಲ್ಲಿ ಯಾವ ಗಾಡಿಯೂ ಹೋಗದು.

ಐದಾರು ಇಂಚಿನ ಪ್ಲಾಸ್ಟಿಕ್ ಗಾಲಿ ಚಪ್ಪಡಿಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಗಾಲಿ ತಟ್ಟನೆ ನಿಂತರೆ ಗಾಡಿ ಮುಂದಕ್ಕೆ ವಾಲುತ್ತದೆ. ಜಲ್ಲಿಯ ಮೇಲೆ ಅದು ಕೂಸನ್ನು ಜರಡಿ ಆಡಿಸಿದಂತೆ ಆಡಿಸುತ್ತದೆ. ಒಂಬತ್ತು ಹತ್ತು ಇಂಚಿಗಿಂತ ದೊಡ್ಡದಾದ, ಅಗಲವಾದ ರಬ್ಬರ್ ಗಾಲಿ ಇದ್ದರೆ ಈ ತೊಂದರೆ ಬಹಳ ಕಡಿಮೆ. ಗಾಳಿ ತುಂಬುವ ಟೈರು ಎಲ್ಲಕ್ಕಿಂತ ಮೆತ್ತಗೆ ಓಡುತ್ತದೆ. ಆದರೆ ನಮ್ಮ ಕಡೆ ಜಾಲಿಮುಳ್ಳಿದೆ. ಪಂಕ್ಚರ್ ಹಾಕುವ ಸೈಕಲ್ ಅಂಗಡಿ ಊರಲ್ಲಿದ್ದರೂ ಆ ಅಳತೆಯ ಟ್ಯೂಬು ಅವನಲ್ಲಿ ಇರುವುದಿಲ್ಲ. ಆದ್ದರಿಂದ ಒಳಗೆ ಫೋಮ್ ತುಂಬಿದ ಗಟ್ಟಿ ರಬ್ಬರಿನ ಗಾಲಿಯೇ ಹಳ್ಳಿಗೆ ಲೇಸು. ಮುಂದಿನ ಗಾಲಿ ಎಲ್ಲ ಕಡೆ ತಿರುಗುವಂತಿದ್ದರೆ ಅದನ್ನು ನೇರಕ್ಕೆ ಬೀಗ ಹಾಕುವ ವ್ಯವಸ್ಥೆ ಇದೆಯೇ ನೋಡಿ. ಜಲ್ಲಿಯ ಮೇಲೆ ಬೀಗ ಹಾಕಿ ತಳ್ಳಬೇಕು. ಇನ್ನೊಂದು, ಗಾಲಿಗೂ ಅದನ್ನು ಹಿಡಿದ ಕವಲಿಗೂ ನಡುವೆ ಬೆರಳು ಆಡುವಷ್ಟು ಜಾಗವಿರಲಿ. ಇಲ್ಲದಿದ್ದರೆ ಎರೆಮಣ್ಣು ಅಲ್ಲಿ ಕಚ್ಚಿಕೊಂಡು ಬೈಕಿಗೆ ಆದದ್ದೇ ಇದಕ್ಕೂ ಆಗುತ್ತದೆ.

ಇಲ್ಲಿ ಒಂದು ತೊಡಕಿದೆ. ದೊಡ್ಡ ಗಾಲಿ ಎಂದರೆ ತೂಕ. ಮೂರು ಗಾಲಿಯ, ಓಡುವವರಿಗೆಂದು ಮಾಡಿದ ಗಾಡಿಗಳು ಹತ್ತು ಹನ್ನೆರಡು ಕಿಲೋ ತೂಗುತ್ತವೆ. ಹೊಲಿಗೆ ಹಾಕಿದ ಹೊಟ್ಟೆಯ ತಾಯಿ ಅದನ್ನು ಎರಡು ಮೆಟ್ಟಿಲು ಎತ್ತಿಳಿಸಲು ಸಾಧ್ಯವೇ? ಹಗುರ ಗಾಡಿಯನ್ನು ಎತ್ತಬಹುದು, ಆದರೆ ಅದರ ಸೀಟು ನೆಲಕ್ಕೆ ಹತ್ತಿರ, ಅಜ್ಜಿ ಬಾಗಬೇಕು. ಎಲ್ಲ ಕೆಲಸಕ್ಕೂ ಆಗುವ ಗಾಡಿ ಎಂದು ಜಾಹೀರಾತು ಹೇಳುತ್ತದೆ. ಅಂಥ ಗಾಡಿ ಇಲ್ಲ. ನಿಮ್ಮ ಮನೆಯ ನಾಲ್ಕು ಮುಖ್ಯ ಕೆಲಸಗಳಲ್ಲಿ ಮೂರಕ್ಕೆ ಆಗುವ ಗಾಡಿ ಇರುತ್ತದೆ. ಉಳಿದ ಒಂದಕ್ಕೆ ಬೇರೆ ದಾರಿ ಹುಡುಕಬೇಕು. ನಾವು ಮೆಟ್ಟಿಲ ಸಮಸ್ಯೆಯನ್ನು ಗಾಡಿಯಲ್ಲಿ ಹುಡುಕಲಿಲ್ಲ. ಊರಿನ ಬಡಿಗೇರರನ್ನು ಕರೆದು ಇಳಿಜಾರಿಗೆ ಒಂದು ಅಗಲ ಹಲಗೆ ಮಾಡಿಸಿದೆವು, ಜಾರದಂತೆ ಅಡ್ಡ ಪಟ್ಟಿ ಹೊಡೆಸಿ. ಈಗ ಅದರ ಮೇಲೆ ಅಜ್ಜಿಯೂ ಕೈ ಊರಿಕೊಂಡು ಇಳಿಯುತ್ತಾರೆ.

ನವಜಾತ ಶಿಶುವಿಗೆ ಗಾಡಿ ಪೂರ್ತಿ ಸಪಾಟಾಗಿ ಮಲಗುವಂತಿರಬೇಕು. ಇದರಲ್ಲಿ ರಾಜಿ ಬೇಡ. ಕತ್ತು ನಿಲ್ಲುವುದು ಮೂರು ನಾಲ್ಕು ತಿಂಗಳಿಗೆ, ಆಸರೆಯಿಲ್ಲದೆ ಕೂರುವುದು ಆರು ತಿಂಗಳ ಆಚೆಗೆ. ಅದಕ್ಕೆ ಮೊದಲು ಅರ್ಧ ಕೂತ ಭಂಗಿಯಲ್ಲಿ ಮಲಗಿಸಿದರೆ ತಲೆ ಮುಂದಕ್ಕೆ ಬಿದ್ದು, ಗದ್ದ ಎದೆಗೆ ಒತ್ತಿ, ಉಸಿರಾಟದ ದಾರಿ ಮುಚ್ಚಬಹುದು. ಕೂಸು ಅಳುವುದೂ ಇಲ್ಲ, ನಿದ್ದೆ ಮಾಡಿದಂತೆಯೇ ಕಾಣುತ್ತದೆ. ಕೊಡೆಯಂತೆ ಮಡಚುವ ಅಗ್ಗದ ಗಾಡಿಗಳಲ್ಲಿ ಬಹುಪಾಲು ಸಪಾಟಾಗುವುದಿಲ್ಲ. ಅವು ಆರು ತಿಂಗಳು ದಾಟಿದ ಮಕ್ಕಳಿಗೆ. ಪಟ್ಟಿ ಐದು ಕಡೆಯಿಂದ ಹಿಡಿಯುವಂಥದ್ದಿರಲಿ: ಎರಡು ಹೆಗಲು, ಎರಡು ಸೊಂಟ, ಒಂದು ಕಾಲುಗಳ ನಡುವೆ. ಬ್ರೇಕ್ ತುಳಿದರೆ ಹಿಂದಿನ ಎರಡೂ ಗಾಲಿ ಒಟ್ಟಿಗೆ ನಿಲ್ಲಬೇಕು. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಎಂಬ ಗುರುತು ಗಾಡಿಯ ಚೀಟಿಯಲ್ಲಿದ್ದರೆ, ಇವನ್ನೆಲ್ಲ ಪರೀಕ್ಷಿಸುವ ಮಾನದಂಡಕ್ಕೆ ಅದು ತಕ್ಕದ್ದೆಂದು ತಯಾರಕರು ಹೇಳುತ್ತಿದ್ದಾರೆ ಎಂದರ್ಥ.

ಕೀಲುಗಳನ್ನು ಮುಟ್ಟಿ ನೋಡಿ. 2009ರಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಕಂಪೆನಿಯ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಗಾಡಿ ಬಿಡಿಸುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ಕತ್ತರಿಸಿದ ಹನ್ನೆರಡು ಪ್ರಕರಣಗಳು ವರದಿಯಾಗಿದ್ದವು. ನಮ್ಮ ಮನೆಗಳಲ್ಲಿ ಅಂತೂ ಗಾಡಿ ಬಿಚ್ಚಿದೊಡನೆ ಓಣಿಯ ಮಕ್ಕಳೆಲ್ಲ ಸುತ್ತ ಸೇರುತ್ತಾರೆ. ಬಿಡಿಸುವಾಗ, ಮಡಚುವಾಗ ಅವರನ್ನು ದೂರ ನಿಲ್ಲಿಸಿ.

ಮಗು ಯಾವ ಕಡೆ ಮುಖ ಮಾಡಿರಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ತಳ್ಳುವವರ ಕಡೆಗೆ. 2008ರಲ್ಲಿ ಬ್ರಿಟನ್ನಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ ಎಂಬವರು ಬೀದಿಗಳಲ್ಲಿ ಗಾಡಿಗಳನ್ನು ಗಮನಿಸಿ ಅಧ್ಯಯನ ಮಾಡಿದಾಗ, ಮಗು ತಮ್ಮ ಕಡೆ ನೋಡುತ್ತಿದ್ದಾಗ ತಂದೆ ತಾಯಿ ಅದರೊಂದಿಗೆ ಸುಮಾರು ಎರಡು ಪಟ್ಟು ಹೆಚ್ಚು ಮಾತನಾಡುತ್ತಿದ್ದರು ಎಂದು ಕಂಡುಬಂತು. ಶಿರಗುಪ್ಪಿಯಲ್ಲಿ ಇದು ಇನ್ನೂ ಮುಖ್ಯ. ಈ ಕೂಸಿಗೆ ಮನೆಯೊಳಗೆ ದಖನಿ, ಕಟ್ಟೆಯ ಮೇಲೆ ಪಕ್ಕದ ಮನೆಯ ಅಜ್ಜಿಯ ಕನ್ನಡ. ಎರಡೂ ಅದಕ್ಕೆ ತಾಯಿನುಡಿಗಳೇ. ಮುಖ ನೋಡಿದರೆ ತಾನೇ ಮಾತು ಕಲಿಯುವುದು?

ಅಂಗಡಿಗೆ ಹೋಗುವಾಗ ಐದು ಕಿಲೋ ಅಕ್ಕಿಯ ಚೀಲವೊಂದನ್ನು ಒಯ್ಯಿರಿ. ನಾವು ಹಾಗೆಯೇ ಮಾಡಿದೆವು. ಅಂಗಡಿಯ ಹುಡುಗ ಮೊದಲು ನಕ್ಕ. ಚೀಲವನ್ನು ಗಾಡಿಯಲ್ಲಿ ಮಲಗಿಸಿ ಅಂಗಡಿಯ ಟೈಲ್ಸ್ ಮೇಲಲ್ಲ, ಹೊರಗೆ ರಸ್ತೆಯಂಚಿನ ಜಲ್ಲಿಯ ಮೇಲೆ ಒಂದೇ ಕೈಯಲ್ಲಿ ತಳ್ಳಿ. ಆಮೇಲೆ ಚೀಲವನ್ನು ಕಂಕುಳಲ್ಲಿ ಹಿಡಿದು, ಉಳಿದ ಒಂದು ಕೈಯಿಂದ ಗಾಡಿ ಮಡಚಿ. ಬಸ್ಸಿನ ಬಾಗಿಲಲ್ಲಿ ನೀವು ಮಾಡಬೇಕಾದದ್ದು ಇದನ್ನೇ. ಬೆಲೆ ಮೂರು ನಾಲ್ಕು ಸಾವಿರದಿಂದ ಶುರುವಾಗಿ ಇಪ್ಪತ್ತು ಸಾವಿರ ದಾಟುತ್ತದೆ. ಚಾಚಾ ಕಳುಹಿಸಿದ ಫೋಟೋದ ಗಾಡಿಗಳು ಅದಕ್ಕೂ ಮೇಲೆ. ನಾವು ಹೊಸದನ್ನು ಕೊಳ್ಳಲಿಲ್ಲ. ಮಕ್ಕಳು ದೊಡ್ಡವರಾದ ಹುಬ್ಬಳ್ಳಿಯ ಒಂದು ಕುಟುಂಬದಿಂದ, ಅರ್ಧ ಬೆಲೆಗೂ ಕಡಿಮೆಗೆ ಒಳ್ಳೆಯ ಗಾಡಿಯೇ ಸಿಕ್ಕಿತು. ನಾಲ್ಕು ಗಾಲಿ, ಹಿಂದಿನವು ದೊಡ್ಡವು, ಎತ್ತರದ ಸೀಟು, ಸಪಾಟಾಗುತ್ತದೆ, ಎರಡೂ ಕಡೆ ತಿರುಗುತ್ತದೆ. ತೂಕ ಒಂಬತ್ತು ಕಿಲೋ. ಹಳೆಯದನ್ನು ಕೊಳ್ಳುವವರು ಚೌಕಟ್ಟಿನಲ್ಲಿ ಬಿರುಕು, ಪಟ್ಟಿಯ ಬಕಲ್, ಬ್ರೇಕ್, ಮಡಚಿದಾಗ ಬೀಳುವ ಕೊಂಡಿ ಇಷ್ಟನ್ನೂ ಪರೀಕ್ಷಿಸಬೇಕು. ಬಟ್ಟೆ ಕೊಳೆಯಾಗಿದ್ದರೆ ಪರವಾಗಿಲ್ಲ, ತೊಳೆದರೆ ಹೋಗುತ್ತದೆ.

ಅದೇ ಅಂಗಡಿಯಲ್ಲಿ ನಿಮಗೆ ವಾಕರ್ ಕೂಡ ತೋರಿಸುತ್ತಾರೆ, ಕೂಸನ್ನು ನಡುವೆ ನಿಲ್ಲಿಸಿ ಓಡಾಡಿಸುವ ಗಾಲಿಗಳ ಚೌಕಟ್ಟು. ಅದನ್ನು ತರಬೇಡಿ. ಮೆಟ್ಟಿಲಿನಿಂದ ಉರುಳುವ ಅಪಾಯದ ಕಾರಣಕ್ಕೆ ಕೆನಡಾ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ಕಟ್ಟೆಯಿರುವ ನಮ್ಮ ಮನೆಗಳಿಗೆ ಅದು ಇನ್ನೂ ಅಪಾಯಕಾರಿ.

ಹುಬ್ಬಳ್ಳಿಯೊಳಗೆ ಗಾಡಿಗೆ ಒಳ್ಳೆಯ ನೆಲವೂ ಇದೆ, ಕೆಟ್ಟ ನೆಲವೂ ಇದೆ. 2018ರ ಅಕ್ಟೋಬರ್‌ನಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳ ನಿಲ್ದಾಣಗಳು ಬಸ್ಸಿನ ನೆಲದ ಮಟ್ಟಕ್ಕೇ ಇವೆ. ಗಾಡಿಯನ್ನು ಎತ್ತದೆ ಒಳಗೆ ತಳ್ಳಬಹುದು. ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಇದೆ. ಗಾಡಿ ತಳ್ಳಲು ಇದಕ್ಕಿಂತ ಉತ್ತಮ ಜಾಗ ಜಿಲ್ಲೆಯಲ್ಲಿಲ್ಲ ಎಂದು ತಂಗಿಯ ಮಗಳು ನಕ್ಕಳು. ಆದರೆ ದುರ್ಗದ ಬೈಲಿನಲ್ಲಿ, ರಮಝಾನಿನ ದಿನಗಳ ಷಾ ಬಜಾರಿನಲ್ಲಿ ಗಾಡಿ ಒಯ್ಯುವುದು ನಿಮಗೂ ಕಷ್ಟ, ಇತರರಿಗೂ ಕಷ್ಟ. ಜನರ ಕಾಲುಗಳ ನಡುವೆ ಕೂಸಿಗೆ ಗಾಳಿಯೂ ಇರುವುದಿಲ್ಲ. ಅಲ್ಲಿ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯೇ ಸರಿ. ಕಟ್ಟಿಕೊಂಡಾಗ ಮಗುವಿನ ಮುಖ ನಿಮಗೆ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಬುರ್ಖಾದ ಅಥವಾ ಸೆರಗಿನ ಮಡಿಕೆ ಮೂಗಿನ ಮೇಲೆ ಬೀಳಬಾರದು.

ಊರಿನಿಂದ ಹುಬ್ಬಳ್ಳಿಗೆ ಬರುವುದು ಸಾಧಾರಣ ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಬಸ್ಸಿನಲ್ಲಿ ಜಾಗವೂ ಇಲ್ಲ. ಬೆಳಗಿನ ಬಸ್ಸಿಗೆ ಗಾಡಿ ಒಯ್ಯುವ ಆಸೆ ಬಿಡಿ. ಹನ್ನೊಂದರ ನಂತರ ಹೊರಡಿ, ಮಡಚಿದ ಗಾಡಿಯನ್ನು ಕಂಡಕ್ಟರರು ಹಿಂದಿನ ಸೀಟಿನ ಹತ್ತಿರ ಇಡಲು ಬಿಡುತ್ತಾರೆ. ಬೈಕಿನ ಮೇಲೆ ಗಂಡ ಹೆಂಡತಿ ನಡುವೆ ಕೂಸನ್ನು ಒತ್ತಿಕೊಂಡು ಹೆದ್ದಾರಿಯಲ್ಲಿ ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಎದೆ ನಡುಗುತ್ತದೆ. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಬೈಕಿನಲ್ಲಿ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಒಂಬತ್ತು ತಿಂಗಳಿಗಿಂತ ಚಿಕ್ಕ ಕೂಸುಗಳನ್ನು ಹೇಗೆ ಬೇಕಾದರೂ ಒಯ್ಯಬಹುದು ಎಂದಲ್ಲ. ಒಯ್ಯಲೇಬೇಡಿ.

ಬಿಸಿಲಿನ ಬಗ್ಗೆ ಒಂದು ಮಾತು. ಗಾಡಿಯ ಮೇಲೆ ದುಪಟ್ಟಾ ಅಥವಾ ಟವೆಲ್ ಪೂರ್ತಿ ಹೊದಿಸುವುದು ನಮ್ಮಲ್ಲಿ ರೂಢಿ. ನೆರಳಾಯಿತು ಎಂದು ನಮಗನಿಸುತ್ತದೆ, ಒಳಗೆ ಗಾಳಿಯಾಡದೆ ಕೂಸು ಬೇಯುತ್ತದೆ. ಸೊಳ್ಳೆಪರದೆಯ ತೆಳು ಬಲೆ ಸಾಕು, ಬಿಸಿಲು ಬರುವ ಕಡೆಗೆ ಕೊಡೆ ಹಿಡಿಯಿರಿ. ಕಾಯಿಪಲ್ಲೆಯ ಚೀಲವನ್ನು ಹಿಡಿಕೆಗೆ ನೇತುಹಾಕಬೇಡಿ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಗು ಅದರಲ್ಲಿದ್ದಾಗಲೇ ಮಗುಚಿದರೆ ಇನ್ನೂ ಕೆಟ್ಟದ್ದು.

ಗಾಡಿ ಬಂತೆಂದು ತೊಟ್ಟಿಲನ್ನು ಅಟ್ಟಕ್ಕೆ ಕಳುಹಿಸಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಸಾಗುವಾನಿಯಲ್ಲಿ ಕಡೆದು, ಅರಗಿನ ಬಣ್ಣ ಹಾಕಿ, ಸುತ್ತ ಚಿತ್ರ ಬರೆದ ಆ ತೊಟ್ಟಿಲುಗಳು ತಲೆಮಾರುಗಟ್ಟಲೆ ಬಾಳುತ್ತವೆ. ಗಿರಾಕಿ ಬಯಸಿದ ಚಿತ್ರ ಬರೆದುಕೊಡುತ್ತಾರೆ, ಬರಿಯ ಹೂಬಳ್ಳಿ ಬೇಕೆಂದರೆ ಅದನ್ನೇ. 2018ರಲ್ಲಿ ತೀರಿಕೊಂಡ ನಟ ಅಂಬರೀಶ್ ಅವರು ನಟ ಯಶ್ ದಂಪತಿಯ ಮಗುವಿಗೆಂದು ಕಲಘಟಗಿಯಲ್ಲಿ ತೊಟ್ಟಿಲು ಹೇಳಿಟ್ಟಿದ್ದರು. ಅವರ ನಿಧನದ ನಂತರ ಅದು ಆ ಮನೆ ಸೇರಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಶಿರಗುಪ್ಪಿಯ ಮನೆಯಲ್ಲಿರುವುದು ಅಷ್ಟು ಬೆಲೆಯದಲ್ಲ, ಮಗುವಿನ ಅಪ್ಪನೂ ಅಜ್ಜನೂ ಮಲಗಿದ್ದ ಸಾದಾ ತೊಟ್ಟಿಲು. ಒಳಗೆ ಅಜ್ಜಿ ಹೊಲಿದ ಕೌದಿ. ರಾತ್ರಿಯ ನಿದ್ದೆ ಅದರಲ್ಲಿಯೇ. ಗಾಡಿ ಹಗಲಿನದು, ಹೊರಗಿನದು. ಮನೆಯಲ್ಲಿ ಮಗುವಿಗೆ ಗಾಡಿಯಲ್ಲೇ ಗಂಟೆಗಟ್ಟಲೆ ಮಲಗುವ ಅಭ್ಯಾಸ ಮಾಡಿಸಬೇಡಿ.

ಈಗ ಬೆಳಿಗ್ಗೆ ಒಂಬತ್ತೂವರೆಗೆ ಆ ಮನೆಯ ಮುಂದೆ ನೀವು ಹಾದುಹೋದರೆ, ಕಟ್ಟೆಯ ಮೇಲೆ ಬ್ರೇಕ್ ಹಾಕಿದ ಗಾಡಿ, ಅದರ ಪಕ್ಕ ಅಜ್ಜಿಯ ಕುರ್ಚಿ ಕಾಣುತ್ತದೆ. ಗಾಡಿಯ ಸೀಟು ಕುರ್ಚಿಯ ತೋಳಿನ ಎತ್ತರಕ್ಕೇ ಬರುತ್ತದೆ. ಅಜ್ಜಿ ಕುಳಿತಲ್ಲಿಂದಲೇ ಕೂಸಿನ ಬಟ್ಟೆ ಸರಿಪಡಿಸುತ್ತಾರೆ, ಪಕ್ಕದ ಮನೆಯ ಅಜ್ಜಿ ಇನ್ನೊಂದು ಬದಿಯಿಂದ ಮಾತನಾಡಿಸುತ್ತಾರೆ. ಗಾಡಿ ಯಾಕೆ ಎಂದು ಕೇಳಿದ್ದವರು ಅವರೇ. ಹಿರಿಯ ಮಗಳು ಶಾಲೆಗೆ ಹೋಗಿರುತ್ತಾಳೆ. ಎಲ್ಲ ದಿನವೂ ಅಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಅವಳ ಅಮ್ಮ ಮತ್ತೆ ಹೊಲಕ್ಕೆ ಇಳಿದರೆ ಏನಾಗುವುದೋ ನೋಡಬೇಕು. ಅವಳ ಶಿಕ್ಷಕಿಗೆ ನಾನು ಹೇಳಿ ಬಂದಿದ್ದೇನೆ, ಎರಡು ದಿನ ಸತತ ಬಾರದಿದ್ದರೆ ನನಗೆ ಫೋನ್ ಮಾಡಿ ಎಂದು.

ಮಳೆಗಾಲದ ಮೂರು ತಿಂಗಳು ಗಾಡಿ ಕಟ್ಟೆಯಿಂದ ಕೆಳಗಿಳಿಯುವುದು ಕಡಿಮೆ. ಬೆಣ್ಣಿಹಳ್ಳ ತುಂಬಿ ಹರಿದ 2019ರ ಆಗಸ್ಟ್‌ನಂಥ ದಿನಗಳಲ್ಲಂತೂ ಈ ಬಯಲಿನಲ್ಲಿ ಚಕ್ಕಡಿಯೂ ಹೊರಡಲಿಲ್ಲ. ಓಣಿಗೆ ಒಯ್ದು ತಂದ ದಿನ ಗಾಲಿಗಳಿಗೆ ನೀರು ಹಾಕಿ ಉಜ್ಜಿ, ಮಣ್ಣು ಒಣಗುವ ಮೊದಲೇ. ಒಣಗಿದ ಮೇಲೆ ಎರೆಮಣ್ಣು ಬಿಡುವುದಿಲ್ಲ. ಒರೆಸಿ, ಬೇರಿಂಗಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ, ಬ್ರೇಕ್ ಹಿಡಿಯುತ್ತದೆಯೇ ಎಂದು ತಳ್ಳಿ ನೋಡಿ, ಆಮೇಲೆ ಮಗುವನ್ನು ಮಲಗಿಸಿ.